ಬೇಕಂತಲೇ ಉಗ್ಗಿ ಮಾತು ಉಳಿಸಿಕೊಂಡೆ

ಉಗ್ಗಿಗೆ ಅಂತ ತಗೊಂಡ ಥೆರಪಿ ಮುಗಿದ ದಿನ ಮಾತು ಸರಾಗವಾಗಿತ್ತು. ಮೂರನೇ ತಿಂಗಳಿಗೆ ಫೋನ್ ಎತ್ತಿದರೆ ‘ಹಲೋ’ ಕೂಡ ಹೊರಡಲಿಲ್ಲ. ಹೀಗೆ ಎರಡು ಸಲ ಆಯಿತು. ಎರಡಕ್ಕೂ ಸೇರಿ ಹೆಚ್ಚುಕಮ್ಮಿ ನಾಲ್ಕು ತಿಂಗಳ ಸಂಬಳ ಹೋಯಿತು. ಈಗ ಆರು ವರ್ಷದಿಂದ ಮಾತು ಕೈಕೊಟ್ಟಿಲ್ಲ.

ಆಗ ದಿನಕ್ಕೊಂದು ಗಂಟೆ ಒಬ್ಬನೇ ಕೂತು ಎಳೆದು ಎಳೆದು ಓದುತ್ತಿದ್ದೆ. ಒಬ್ಬರೇ ಇದ್ದಾಗ ಉಗ್ಗುವ ನಮ್ಮಂಥವರಲ್ಲಿ ಹೆಚ್ಚಿನವರು ಉಗ್ಗುವುದೇ ಇಲ್ಲ, ಅಲ್ವಾ? ಆ ಗಂಟೆ ದಂಡವಾಯಿತು. ಹೊರಗೆ ಹೋದರೆ ಕಷ್ಟದ ಪದ ಬಿಟ್ಟು ಬೇರೆ ಪದ ಹಾಕುತ್ತಿದ್ದೆ. ಕೇಳುವವರಿಗೆ ಉಗ್ಗು ಕಾಣುತ್ತಿರಲಿಲ್ಲ, ಒಳಗೆ ಭಯ ಬೆಳೆಯುತ್ತಿತ್ತು.

ಮೂರನೇ ಸಲ ದುಡ್ಡು ಕಟ್ಟಲಿಲ್ಲ. ಥೆರಪಿಯಲ್ಲಿ ಒಂದೇ ದಿನ ಮಾಡಿಸಿ ಬಿಟ್ಟಿದ್ದ ಅಭ್ಯಾಸವನ್ನು ಹಿಡಿದುಕೊಂಡೆ. ದಿನಕ್ಕೆ ಐದಾರು ಸಲ, ಗುರುತಿಲ್ಲದವರ ಜೊತೆ, ಬೇಕಂತಲೇ ಉಗ್ಗುವುದು. ‘ಪ-ಪ-ಪ’ ಅಂತ, ತುಟಿ ಬಿಗಿಯದೆ, ಕಣ್ಣು ತಪ್ಪಿಸದೆ. ಉಗ್ಗುವವರ ಗುಂಪಿನ ಗೆಳೆಯರು ‘ಹೋದ ಉಗ್ಗನ್ನು ನೀನೇ ಕರೆದು ಕೂರಿಸ್ತಿದ್ದೀಯ’ ಅಂದರು. ಅಣ್ಣನೂ ಬೈದ. ಮೊದಲ ಎರಡು ವಾರ ನಿಜವಾದ ಬ್ಲಾಕ್‌ಗಳೇ, ಅಂದರೆ ದನಿ ಹೊರಡದೆ ಮಾತು ಸಿಕ್ಕಿಕೊಳ್ಳುವುದೇ, ಜಾಸ್ತಿಯಾದವು. ಬಿಟ್ಟುಬಿಡೋಣ ಅನ್ನಿಸಿತ್ತು. ಆರನೇ ವಾರದ ಹೊತ್ತಿಗೆ ಫೋನ್ ರಿಂಗಾದರೆ ಎದೆ ಹೊಡೆದುಕೊಳ್ಳುವುದು ನಿಂತಿತು.

ನಿಜವಾದ ಬ್ಲಾಕ್ ಬಂದರೆ ಕ್ಯಾನ್ಸಲೇಶನ್ ಅನ್ನುವ ಅಭ್ಯಾಸ. ಪದ ಮುಗಿಸಿ, ಮೂರು ಸೆಕೆಂಡ್ ಸುಮ್ಮನಿದ್ದು, ಅದೇ ಪದವನ್ನು ಸಡಿಲವಾಗಿ ಮತ್ತೆ ಹೇಳಬೇಕು. ಕಾಯುವುದೇ ಕಷ್ಟ. ನಾನು ಅರ್ಧ ಸೆಕೆಂಡಿಗೇ ಮುಂದೆ ಓಡುತ್ತಿದ್ದೆ. ರೆಕಾರ್ಡಿಂಗ್ ಕೇಳಿದ ಮೇಲೆ ಗೊತ್ತಾಯಿತು.

ಮಧ್ಯೆ ಡಿಎಎಫ್ ಆ್ಯಪ್, ಅಂದರೆ ನಮ್ಮ ದನಿಯನ್ನೇ ತಡಮಾಡಿ ನಮಗೆ ಕೇಳಿಸುವ ಆ್ಯಪ್ ಕೂಡ ನೋಡಿದೆ. ದನಿ 200 ಮಿಲಿಸೆಕೆಂಡ್ ತಡವಾಗಿ ಕಿವಿಗೆ ಬಂದರೆ ಮಾತು ತಾನಾಗಿ ನಿಧಾನವಾಗುತ್ತಿತ್ತು. 70ರ ಹತ್ತಿರ ಇಟ್ಟರೆ ಸಹಜವಾಗಿ ಬರುತ್ತಿತ್ತು. ಇಯರ್‌ಫೋನ್ ತೆಗೆದ ಸ್ವಲ್ಪ ಹೊತ್ತಿಗೆ ಎಲ್ಲ ಮೊದಲಿನಂತೆ. ಅದಕ್ಕಾಗಿ ದುಬಾರಿ ಯಂತ್ರ ಕೊಳ್ಳುವ ಯೋಚನೆಯನ್ನು ಅಲ್ಲಿಗೇ ಕೈಬಿಟ್ಟೆ.

ರಾತ್ರಿ ಮಲಗುವ ಮುಂಚೆ 0ಯಿಂದ 9ರವರೆಗೆ ಎರಡು ಅಂಕ ಬರೆಯುತ್ತೇನೆ. ಒಂದು ಉಗ್ಗಿಗೆ, ಇನ್ನೊಂದು ಕಷ್ಟದ ಪದ, ಮಾತುಗಳಿಂದ ಎಷ್ಟು ತಪ್ಪಿಸಿಕೊಂಡೆ ಅನ್ನುವುದಕ್ಕೆ. ನನ್ನ ಲೆಕ್ಕದಲ್ಲಿ ಉಗ್ಗು ಏರುವ ಒಂದು ವಾರ, ಹತ್ತು ದಿನ ಮುಂಚೆಯೇ ಎರಡನೇ ಅಂಕ ಏರಿರುತ್ತದೆ. ಇದನ್ನು ಯಾರೂ ಹೇಳಿಕೊಟ್ಟಿದ್ದಲ್ಲ, ನಾನೇ ಕಂಡುಕೊಂಡಿದ್ದು. ಅದು 3 ದಾಟಿದರೆ ಮರುದಿನ ಹತ್ತು ಫೋನ್ ಕರೆ.

ಸ್ವಂತ ಹೆಸರು ಹೇಳುವುದಕ್ಕೆ ಬೇರೆಯೇ ಒಂದು ಉಪಾಯ ಇದೆ. ಬದಲಿ ಪದ ಇಲ್ಲದ ಪದ ಅದೊಂದೇ, ನಿಮಗೂ ಗೊತ್ತು. ಸದ್ಯಕ್ಕೆ ಅದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ನಿನ್ನೆ ಉಗ್ಗು 2, ತಪ್ಪಿಸಿಕೊಂಡದ್ದು 4. ಇವತ್ತು ಏಳು ಕರೆ ಆಗಿವೆ, ಇನ್ನೂ ಮೂರು ಬಾಕಿ.