ತಾರೆಯ ಸಾವಿನ ಸುದ್ದಿಯನ್ನು ಮುಂಬೈಯಿಂದ ಊರಿಗೆ ದಾಟಿಸುವ ಮುನ್ನ

ಬಾಂದ್ರಾದಲ್ಲೋ ಅಂಧೇರಿಯಲ್ಲೋ ನಟರೊಬ್ಬರು ತೀರಿಕೊಂಡರೆ ಸಾಕು, ಉಡುಪಿ, ಹುಬ್ಬಳ್ಳಿಯಿಂದ ಮುಂಬೈ ಕನ್ನಡಿಗರಿಗೆ ಫೋನ್ ಶುರು: "ನೀವು ಅಲ್ಲೇ ಇರೋದಲ್ವಾ, ನಿಜ ಏನಂತೆ?" ಡೊಂಬಿವಲಿಯಲ್ಲಿ ಕೂತವರಿಗೆ ಬಾಂದ್ರಾದ ವಿಷಯ ಗೊತ್ತಾಗುವುದೂ ಊರಿನವರ ಹಾಗೆ ಟಿವಿಯಿಂದಲೇ. ಆದರೂ ಮುಂಬೈ ನಂಟರು ಕಳಿಸಿದ ಮೆಸೇಜಿಗೆ ಅಲ್ಲಿ ಕಣ್ಣಾರೆ ಕಂಡವರ ಮಾತಿನ ತೂಕ. ಮರಾಠಿ, ಹಿಂದಿಯಿಂದ ಕನ್ನಡಕ್ಕೆ ಹೊರಳುವಾಗ ಸುದ್ದಿಗೆ ಬಣ್ಣ ಹತ್ತುವುದೂ ನಮ್ಮ ಕೈಯಲ್ಲೇ. ಸೋಸುವುದಿದ್ದರೆ ಇಲ್ಲೇ ಸೋಸಬೇಕು.

ಮೊದಲು ಪದಗಳನ್ನು ಹಿಡಿಯಿರಿ. ಮರಾಠಿಯ 'ಡಾಕ್ಟರಾಂಚೆ ಅನುಮಾನ' ಅಂದರೆ ವೈದ್ಯರ ತರ್ಕ, ನಿರ್ಣಯ. ಹಾಗೇ ಕನ್ನಡಕ್ಕೆ ಇಳಿಸಿದರೆ ವೈದ್ಯರಿಗೇ ಶಂಕೆ ಇದೆ ಎಂದಾಗುತ್ತದೆ. ಹಿಂದಿಯ 'ಸಂಭಾವನಾ' ಎಂದರೆ ಸಾಧ್ಯತೆ; 'ಹತ್ಯೆಯ ಸಂಭಾವನೆ' ಎಂದು ಬರೆದರೆ ಕೊಲೆಗೆ ಯಾರೋ ದುಡ್ಡು ಕೊಟ್ಟಂತೆ! 'ಅಪಘಾತ' ಮರಾಠಿ, ಕನ್ನಡ ಎರಡರಲ್ಲೂ ಒಂದೇ, ಆದರೆ ಮರಾಠಿಯ 'ಘಾತಪಾತ' ಬೇರೆ. ಅದು ಬೇಕೆಂದೇ ಎಸಗಿದ ದುಷ್ಕೃತ್ಯ. ಈ ಪದ ಕಂಡರೆ ವಾಕ್ಯವನ್ನು ಕೊನೆಯವರೆಗೆ ಓದಿ. 'ಇಲ್ಲ' ಎನ್ನುವ ಮರಾಠಿಯ 'ನಾಹೀ' ವಾಕ್ಯದ ತುದಿಯಲ್ಲಿರುತ್ತದೆ, ಸ್ಕ್ರೀನ್‌ಶಾಟ್ ಕತ್ತರಿಸುವಾಗ ಮೊದಲು ಉದುರುವುದು ಅದೇ.

ಆಮೇಲೆ ಪೊಲೀಸ್ ಭಾಷೆ. ಮುಂಬೈ ಪೊಲೀಸರು 'ಎಡಿಆರ್' (ಆಕಸ್ಮಿಕ ಸಾವಿನ ವರದಿ) ದಾಖಲಿಸಿದರು ಎಂದಾಕ್ಷಣ "ಪೊಲೀಸರಿಗೇ ಡೌಟ್ ಬಂದಿದೆ" ಎಂದು ಕಳಿಸುವವರಿದ್ದಾರೆ. ಮರಾಠಿಯಲ್ಲಿ 'ಅಕಸ್ಮಾತ್ ಮೃತ್ಯೂಚಿ ನೋಂದ್' ಎನ್ನುವ ಇದು ನಮ್ಮ ಕರ್ನಾಟಕ ಪೊಲೀಸರ 'ಯುಡಿಆರ್'ಗೆ, ಅಂದರೆ ಅಸಹಜ ಸಾವಿನ ವರದಿಗೆ ಸಮ. ಇದಕ್ಕೆ ಮೊದಲು ದಂಡ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) 174, 2024ರ ಜುಲೈಯಿಂದ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್) 194ನೇ ಕಲಂ. ಬಿದ್ದು ಸತ್ತರೂ, ಮುಳುಗಿ ಸತ್ತರೂ, ಆತ್ಮಹತ್ಯೆಯಾದರೂ ಈ ದಾಖಲೆ ಆಗಲೇಬೇಕು. ಸತ್ತವರು ನಟರೋ ಹೋಟೆಲ್ ಮಾಣಿಯೋ ಎಂಬ ಭೇದವಿಲ್ಲ. ಮರಣೋತ್ತರ ವರದಿಯ 'ಅಭಿಪ್ರಾಯ ಕಾಯ್ದಿರಿಸಿದೆ' ಎಂಬುದೂ ಇಂಥದ್ದೇ. ಒಳಾಂಗಗಳ ಮಾದರಿ ಕಲೀನಾದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗಿದೆ, ಫಲಿತಾಂಶ ಬಂದಿಲ್ಲ ಎಂದಷ್ಟೇ ಅದರ ಅರ್ಥ. ಫಾರ್ವರ್ಡಿನಲ್ಲಿ ಇದು 'ಸತ್ಯ ಮುಚ್ಚಿಟ್ಟಿದ್ದಾರೆ' ಎಂದಾಗಿರುತ್ತದೆ.

ವಾಟ್ಸ್‌ಆ್ಯಪ್ ಮೆಸೇಜಿನ ಮೇಲೆ ಜೋಡಿ ಬಾಣ ಇದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದಿದೆ. ಬಾಣ ಇಲ್ಲವೆಂದು ನೆಚ್ಚಬೇಡಿ, ಕಾಪಿ-ಪೇಸ್ಟ್ ಮಾಡಿದರೆ ಗುರುತು ಅಳಿಯುತ್ತದೆ. ಫೋಟೋವನ್ನು ಗೂಗಲ್ ಲೆನ್ಸ್‌ಗೆ ಕೊಡಿ. ವಿಡಿಯೋ ಆದರೆ ದೃಶ್ಯ ಬದಲಾಗುವ ಕಡೆ ಮೂರು-ನಾಲ್ಕು ಸ್ಕ್ರೀನ್‌ಶಾಟ್ ತೆಗೆದು, ಮೇಲಿನ ಅಕ್ಷರ, ಚಾನೆಲ್ ಗುರುತು ಕತ್ತರಿಸಿ ಹುಡುಕಿ. ಅವನ್ನು ಬಿಟ್ಟರೆ ಲೆನ್ಸ್ ಮುಖ ಬಿಟ್ಟು ಅಕ್ಷರವನ್ನೇ ಹುಡುಕಿಕೊಂಡು ಹೋಗುವುದುಂಟು.

ಮೂಲ ಎಣಿಸುವುದರಲ್ಲಿ ಜಾಣರೂ ಜಾರುತ್ತಾರೆ. ಹತ್ತು ಚಾನೆಲ್ ಒಂದೇ ಪೋಸ್ಟನ್ನು ಉಲ್ಲೇಖಿಸಿದರೆ ಮೂಲ ಒಂದೇ. 2024ರ ಫೆಬ್ರುವರಿ 2ರಂದು ನಟಿ ಪೂನಂ ಪಾಂಡೆ ಗರ್ಭಕಂಠ ಕ್ಯಾನ್ಸರಿನಿಂದ ತೀರಿಕೊಂಡರೆಂದು ಅವರದೇ ಇನ್‌ಸ್ಟಾಗ್ರಾಂ ಖಾತೆ ಹೇಳಿತು, ದೇಶವೆಲ್ಲ ನಂಬಿತು. ಮರುದಿನ ಅವರೇ ವಿಡಿಯೋದಲ್ಲಿ ಬಂದು ಬದುಕಿದ್ದೇನೆ ಎಂದರು. ಯಾವ ಆಸ್ಪತ್ರೆ, ಯಾವ ಸ್ಮಶಾನ ಎಂಬ ಪ್ರಶ್ನೆಗೆ ಅಂದು ಉತ್ತರವೇ ಇರಲಿಲ್ಲ. ಕುಟುಂಬ, ಆಸ್ಪತ್ರೆ, ಪೊಲೀಸ್: ಈ ಮೂರರಲ್ಲಿ ಎರಡು ಕಡೆಯವರಾದರೂ ತಮ್ಮ ಹೆಸರು ಹೇಳಿ ಮಾತಾಡುವವರೆಗೆ ತಡೆಯಿರಿ.

ಸಾವು ಖಚಿತವಾದ ಮೇಲೂ ಕಾರಣದ ಬಗ್ಗೆ ಎರಡು ದಿನ ಬಾಯಿ ಬಿಡದಿರುವುದು ಲೇಸು. 2018ರ ಫೆಬ್ರುವರಿ 24ರಂದು ದುಬೈನಲ್ಲಿ ಶ್ರೀದೇವಿ ತೀರಿಕೊಂಡಾಗ ಮೊದಲು ಬಂದದ್ದು ಹೃದಯಸ್ತಂಭನ ಎಂಬ ಮಾತು. 26ಕ್ಕೆ ಸ್ನಾನದ ತೊಟ್ಟಿಯಲ್ಲಿ ಆಕಸ್ಮಿಕ ಮುಳುಗುವಿಕೆ ಎಂಬ ವರದಿ. 27ಕ್ಕೆ ಅಲ್ಲಿನ ಪ್ರಾಸಿಕ್ಯೂಷನ್ ಪ್ರಕರಣ ಮುಚ್ಚಿತು. ಮಾತು ಬದಲಾದದ್ದನ್ನೇ ಜನ ಪುರಾವೆ ಎಂದರು. ತನಿಖೆ ಮುಂದುವರಿದಂತೆ ಕಾರಣ ತಿದ್ದುಪಡಿಯಾಗುವುದು ಸಹಜ, ಕಥೆ ಕಟ್ಟುವವರಿಗೆ ಮಾತ್ರ ಅದು ಹಬ್ಬ. ಸುಶಾಂತ್ ಸಿಂಗ್ ರಜಪೂತ್ ತೀರಿಕೊಂಡದ್ದು 2020ರ ಜೂನ್ 14, ಸಿಬಿಐ ಮುಕ್ತಾಯ ವರದಿ ಸಲ್ಲಿಸಿದ್ದು 2025ರ ಮಾರ್ಚ್. ಅಷ್ಟು ವರ್ಷ ಖಾಲಿ ಬಿದ್ದ ಜಾಗದಲ್ಲಿ ಏನೇನು ಬೆಳೆಯಿತೆಂದು ಹೇಳಬೇಕಾಗಿಲ್ಲ.

ನಂಬುವವರನ್ನು ಪೆದ್ದರೆಂದು ಬಗೆದರೆ ಕೆಲಸ ಕೆಡುತ್ತದೆ. ಪರದೆಯ ಮೇಲೆ ವರ್ಷಗಟ್ಟಲೆ ಕಂಡ ಮುಖ ಮನೆಯವರದ್ದೇ ಆಗಿಬಿಡುತ್ತದೆ. ಅಷ್ಟು ದೊಡ್ಡ ಜೀವ ಸ್ನಾನದ ತೊಟ್ಟಿಯಂಥ ಸಣ್ಣ ಕಾರಣಕ್ಕೆ ಹೋಯಿತೆಂದರೆ ಮನಸ್ಸು ಒಪ್ಪುವುದಿಲ್ಲ. ಕಥೆಗೆ ಕಥೆ ಹೊಂದಬೇಕೆಂದೂ ಇಲ್ಲ. ಬ್ರಿಟನ್ನಿನ ಕೆಂಟ್ ವಿಶ್ವವಿದ್ಯಾಲಯದವರ 2012ರ ಅಧ್ಯಯನದಲ್ಲಿ, ಅಲ್ಲಿನ ರಾಜಕುಮಾರಿ ಡಯಾನಾ ಸತ್ತಂತೆ ನಟಿಸಿದಳು ಎಂದು ಹೆಚ್ಚು ನಂಬಿದವರೇ ಅವಳ ಕೊಲೆಯಾಯಿತೆಂದೂ ಹೆಚ್ಚು ನಂಬಿದ್ದರು. ಎರಡನ್ನೂ ಹಿಡಿದಿಟ್ಟದ್ದು 'ಮೇಲಿನವರು ಏನೋ ಮುಚ್ಚಿಟ್ಟಿದ್ದಾರೆ' ಎಂಬ ಒಂದೇ ಗುಮಾನಿ. ಆದ್ದರಿಂದ ಒಂದೊಂದೇ ವಿವರ ಹಿಡಿದು ವಾದಿಸಿದರೆ ಫಲ ಕಡಿಮೆ.

ಗ್ರೂಪಿನಲ್ಲಿ ಎಲ್ಲರೆದುರು ತಿದ್ದಬೇಡಿ. ಸೋದರಮಾವನಿಗೆ ಮುಖಭಂಗವಾದರೆ ಕಥೆಗೆ ಇನ್ನೂ ಗಟ್ಟಿಯಾಗಿ ಅಂಟಿಕೊಳ್ಳುತ್ತಾರೆ. ಬೇರೆಯಾಗಿ, ಸುಳ್ಳನ್ನು ಮತ್ತೆ ಬರೆಯದೆ ಕಳಿಸಿ, ಏಕೆಂದರೆ ಪದೇ ಪದೇ ಕಂಡದ್ದು ನಿಜವೆನಿಸುತ್ತದೆ: "ಮಾವ, ಎಡಿಆರ್ ಅಂದ್ರೆ ನಮ್ಮೂರ ಯುಡಿಆರ್, ಎಲ್ಲರಿಗೂ ಹಾಕ್ತಾರೆ. ಕಲೀನಾ ರಿಪೋರ್ಟ್ ಬಂದ ಮೇಲೆ ನಾನೇ ಫೋನ್ ಮಾಡ್ತೀನಿ." ವರದಿ ಬಂದ ದಿನ ಫೋನ್ ಮಾಡುವುದನ್ನು ಮರೆಯಬೇಡಿ.