ಟರ್ನ್‌ಡೌನ್: ಚಾಕೊಲೇಟ್ ಬಿಟ್ಟೆ, ಬ್ರಷ್ ಹಿಡಿದೆ

"ಹಾಸಿಗೆ ಮೂಲೆ ಮಡಚೋಕೆ ಒಬ್ಬನಿಗೆ ಸಂಬಳ ಕೊಡ್ಬೇಕಾ ಮಾರಾಯಾ?"

ನಮ್ಮ ಧಣಿ ಹೀಗೆ ಕೇಳಿ ಎರಡು ಸೀಸನ್ ಆಯಿತು. ಬೈಂದೂರು ಕಡೆಯವರು, ಲೆಕ್ಕದಲ್ಲಿ ಗಟ್ಟಿ. ಗೋವಾದ ಕ್ಯಾಂಡೋಲಿಮ್ ಹತ್ತಿರ ನಮ್ಮದು 46 ರೂಮಿನ ಹೋಟೆಲು, ಬೀಚಿಗೆ ನಡೆದರೆ ಎಂಟು ನಿಮಿಷ. ಹೌಸ್‌ಕೀಪಿಂಗ್ ನನ್ನದು. ಇದಕ್ಕೂ ಮೊದಲು ಮುಂಬೈಯಲ್ಲಿ, ಅಂಧೇರಿ ಕಡೆಯ ಒಂದು ದೊಡ್ಡ ಹೋಟೆಲಲ್ಲಿ ಆರು ವರ್ಷ ಇದ್ದೆ. ಅಲ್ಲಿ ಸಂಜೆ ಟರ್ನ್‌ಡೌನ್, ಅಂದರೆ ಗೆಸ್ಟ್ ಮಲಗುವ ಮುಂಚೆ ರೂಮಿಗೆ ಹೋಗಿ ಹಾಸಿಗೆ ಸಜ್ಜು ಮಾಡಿಡುವುದು, ಪೂಜೆ ಇದ್ದ ಹಾಗೆ, ತಪ್ಪುವಂತಿರಲಿಲ್ಲ. 2020ರ ಲಾಕ್‌ಡೌನ್‌ನಲ್ಲಿ ನಿಂತಿತು. ಆಮೇಲೆ ಶುರುವಾದಾಗ "ಕೇಳಿದವರಿಗೆ ಮಾತ್ರ" ಅಂತಾಯಿತು. ಕೇಳುವವರು ಎಷ್ಟು ಜನ ಅಂತ ನಿಮಗೆ ಗೊತ್ತೇ ಇದೆ.

ಇಲ್ಲಿ ಅದನ್ನು ಶುರು ಮಾಡುತ್ತೇನೆ ಅಂದಾಗ ಮುಂಬೈಯ ಹಳೇ ಗೆಳೆಯರು ಫೋನಲ್ಲೇ ನಕ್ಕರು. ನಾಲ್ಕು ಸಾವಿರ ಬಾಡಿಗೆಯ ರೂಮಿಗೆ ಟರ್ನ್‌ಡೌನ್ ಯಾಕಪ್ಪಾ ಅಂತ. ಈಗ ಅದೇ ಗೆಳೆಯರಲ್ಲಿ ಇಬ್ಬರು "ಹೇಗೆ ಮಾಡಿದಿ ಹೇಳು" ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇ ಬಿಡುತ್ತೇನೆ.

ಮೊದಲ ಸೀಸನ್ ನಾನು ಮಾಡಿದ್ದು ಪೂರ್ತಿ ದಡ್ಡತನ. ಅಂಧೇರಿಯಲ್ಲಿ ಕಲಿತಿದ್ದನ್ನೇ ತಂದು ಇಲ್ಲಿ ಅಂಟಿಸಿದೆ. ಸಂಜೆ ಏಳರಿಂದ ಒಂಬತ್ತು, ಎಲ್ಲಾ ರೂಮು. ಬೆಡ್ ರನ್ನರ್ (ಹಾಸಿಗೆಯ ಕಾಲ ಕಡೆಯ ಅಲಂಕಾರದ ಪಟ್ಟಿ) ತೆಗಿ, ಡುವೆ (ದಪ್ಪ ಹೊದಿಕೆ) ಮೂಲೆ ಮಡಚು, ಚಪ್ಪಲಿ ಮ್ಯಾಟ್ ಮೇಲಿಡು, ದಿಂಬಿನ ಮೇಲೆ ಎರಡು ಚಾಕೊಲೇಟ್, ಪಕ್ಕದಲ್ಲಿ "ಶುಭರಾತ್ರಿ" ಕಾರ್ಡು. ಸಾವಿರ ಕಾರ್ಡು ಪ್ರಿಂಟ್ ಹಾಕಿಸಿದ್ದಕ್ಕೇ ನಾಲ್ಕೂವರೆ ಸಾವಿರ ಹೋಯಿತು. ಅದರಲ್ಲಿ ಆರುನೂರು ಇನ್ನೂ ಸಾಮಾನು ಇಡುವ ಪ್ಯಾಂಟ್ರಿಯಲ್ಲಿವೆ, ಹಿಂಬದಿಯಲ್ಲಿ ಹುಡುಗರು ಇಸ್ಪೀಟಿನ ಲೆಕ್ಕ ಬರೆದುಕೊಳ್ಳುತ್ತಾರೆ.

ಚಾಕೊಲೇಟ್ ಕಥೆ ಕೇಳಿ. ಗೋವಾದಲ್ಲಿ ಗೆಸ್ಟ್ ಹೊರಗೆ ಹೋದರೆ ಕರೆಂಟಿಗೆ ಗೋಡೆಯಲ್ಲಿ ಸಿಕ್ಕಿಸಿದ ಕೀ ಕಾರ್ಡ್ ಕಿತ್ತುಕೊಂಡು ಹೋಗುತ್ತಾನೆ, ಎಸಿ ಬಂದ್. ಏಳಕ್ಕೆ ಇಟ್ಟ ಚಾಕೊಲೇಟ್ ಅವನು ಊಟ ಮುಗಿಸಿ ಹನ್ನೊಂದಕ್ಕೆ ಬರುವಷ್ಟರಲ್ಲಿ ಪಾಯಸ. ಅವನು ಕತ್ತಲಲ್ಲಿ ಬಂದು ಅದರ ಮೇಲೇ ತಲೆ ಇಡುತ್ತಾನೆ. ಮೊದಲ ತಿಂಗಳಲ್ಲೇ 13 ದಿಂಬಿನ ಕವರ್ ಮತ್ತೆ ಬಳಸುವಂತಿಲ್ಲ ಅಂತ ಕಂಡೆಮ್ ಆದವು, ಲಾಂಡ್ರಿಯವನು ಕೈ ಎತ್ತಿಬಿಟ್ಟ. ಕರಗದೆ ಉಳಿದಿದ್ದಕ್ಕೆ ಇರುವೆ ಹತ್ತಿತು. ಎರಡನೇ ಮಹಡಿಯ ಒಂದು ಗೋಡೆಯಲ್ಲಿ ಆ ಇರುವೆ ಸಾಲು ಮಾರ್ಚ್ ತನಕ ಹೋಗಲಿಲ್ಲ. ಚಿಕ್ಕಿ ಇಟ್ಟು ನೋಡಿದೆ, ಅದೂ ಇರುವೆಗೇ. ಸೀಬೆಹಣ್ಣಿನ ಪೆರಾದ್ ಇಟ್ಟೆ, ಗೋವಾದ ತಿಂಡಿ ಅಲ್ವಾ ಅಂತ. ಅದು ಸೋಪಿನ ತುಂಡು ಅಂದುಕೊಂಡು ಒಬ್ಬರು ಬಾತ್‌ರೂಮಿನ ಸೋಪ್ ಡಿಶ್‌ನಲ್ಲಿ ಇಟ್ಟಿದ್ದರು.

ಮ್ಯಾಟ್‌ನದು ಇನ್ನೊಂದು ತಲೆನೋವು. ನಯವಾದ ಟೈಲ್ಸ್ ಮೇಲೆ ಮಂಚದ ಪಕ್ಕ ಬಟ್ಟೆ ಮ್ಯಾಟ್ ಹಾಸಿದ್ದೆವು. ವಯಸ್ಸಾದವರೊಬ್ಬರು ರಾತ್ರಿ ಎದ್ದು ಕಾಲಿಟ್ಟರು, ಮ್ಯಾಟ್ ಜಾರಿತು. ಮಂಚ ಹಿಡಿದುಕೊಂಡಿದ್ದರಿಂದ ಪುಣ್ಯಕ್ಕೆ ಏನೂ ಆಗಲಿಲ್ಲ. ಮರುದಿನವೇ ಮ್ಯಾಟ್ ಎಲ್ಲಾ ಸ್ಟೋರಿಗೆ ಹಾಕಿದೆ.

ಇವೆಲ್ಲಕ್ಕಿಂತ ದೊಡ್ಡದು ಕಿವಿಯೋಲೆ ಪ್ರಕರಣ. ಹಾಸಿಗೆ ಮೇಲೆ ಬಟ್ಟೆ ಹರಡಿತ್ತು, ಹುಡುಗ ಒಳ್ಳೆಯ ಮನಸ್ಸಿನಿಂದ ಮಡಚಿಟ್ಟ. ಅದರಲ್ಲಿ ಸಿಕ್ಕಿಕೊಂಡಿದ್ದ ಒಂದು ಓಲೆ ಕಾಣೆಯಾಯಿತು. ರಾತ್ರಿ ಹತ್ತಕ್ಕೆ ಕೂಗಾಟ, ಪೊಲೀಸರನ್ನು ಕರೆಯುತ್ತೇವೆ ಅಂದರು. ಹುಡುಗ ಗದಗ ಕಡೆಯವನು, ಕೆಲಸಕ್ಕೆ ಸೇರಿ ಎರಡೇ ತಿಂಗಳು. "ಸರ, ನಾ ಮುಟ್ಟಿಲ್ರಿ, ನಮ್ಮವ್ವನಾಣಿ" ಅಂತ ಚಾದರ, ಟವೆಲ್ ಇಡುವ ಲಿನನ್ ರೂಮಲ್ಲಿ ಕೂತು ಅಳುತ್ತಿದ್ದ. ಬೆಳಿಗ್ಗೆ ಆರಕ್ಕೆ ನಾನೇ ಕೊಳೆ ಲಿನನ್ ಚೀಲ ಒಂದೊಂದಾಗಿ ಕೊಡವಿದೆ. ನಾಲ್ಕನೇ ಚೀಲದಲ್ಲಿ ಓಲೆ ಸಿಕ್ಕಿತು. ಗೆಸ್ಟ್ ಸಾರಿ ಕೇಳಲಿಲ್ಲ, ಬಿಡಿ. ಅವತ್ತಿನಿಂದ ನಿಯಮ ಒಂದೇ. ಹಾಸಿಗೆ ಮೇಲೆ ಚಿನ್ನ, ದುಡ್ಡು, ಒಳಬಟ್ಟೆ ಏನೇ ಇರಲಿ, ಹಾಸಿಗೆ ಮುಟ್ಟಬೇಡ. ಟವೆಲ್ ಬದಲಿಸು, ಹೊರಗೆ ಬಾ.

ಜನವರಿಯಲ್ಲಿ ಧಣಿ ನಿಲ್ಲಿಸಿದರು. ಮೂರು ತಿಂಗಳ ಸಂಬಳ, ಚಾಕೊಲೇಟ್, ಕವರು ಎಲ್ಲಾ ಸೇರಿ ಎಪ್ಪತ್ತು ಎಪ್ಪತ್ತೈದು ಸಾವಿರ ಹೋಯಿತು. "ನಾ ಹೇಳಿದ್ದೆ" ಅಂತ ಅವರು ಬಾಯಿಬಿಟ್ಟು ಹೇಳಲಿಲ್ಲ, ಅದೇ ಜಾಸ್ತಿ ನೋವಾಯಿತು.

ಮಳೆಗಾಲದಲ್ಲಿ ಕೆಲಸ ಕಮ್ಮಿ. ಸುಮ್ನೆ ಕೂತು ರಾತ್ರಿ ಪಾಳಿಯ ಲಾಗ್‌ಬುಕ್ ಓದುತ್ತಿದ್ದೆ. ಹಿಂದಿನ ಡಿಸೆಂಬರ್ ತೆಗೆದರೆ ದಿನಕ್ಕೆ ಒಂಬತ್ತು ಹತ್ತು ಕಂಪ್ಲೇಂಟು, ಮುಕ್ಕಾಲು ಪಾಲು ರಾತ್ರಿ ಒಂಬತ್ತರಿಂದ ಹನ್ನೆರಡರ ಒಳಗೆ. ಟವೆಲ್ ಕಳಿಸಿ. ಹಾಸಿಗೆಯಲ್ಲಿ ಮರಳು. ಸೊಳ್ಳೆ. ಎಸಿ ಕೂಲ್ ಆಗ್ತಿಲ್ಲ. ರಿಮೋಟ್ ಸೆಲ್ ಹೋಗಿದೆ. ಮತ್ತೆ ಮರಳು. ರಾತ್ರಿ ಪಾಳಿಯಲ್ಲಿ 46 ರೂಮಿಗೆ ಒಬ್ಬನೇ ಹುಡುಗ. ಒಂದು ಟವೆಲ್ ಮೂರನೇ ಮಹಡಿಗೆ ಹೋಗಲು ಇಪ್ಪತ್ತು ನಿಮಿಷ. ಅಷ್ಟರಲ್ಲಿ ಗೆಸ್ಟ್ ಕೆಂಡವಾಗಿರುತ್ತಾನೆ. ಫ್ರಂಟ್ ಆಫೀಸಿನವರು ಸಮಾಧಾನಕ್ಕೆ ಬ್ರೇಕ್‌ಫಾಸ್ಟ್ ಫ್ರೀ ಬರೆಯುತ್ತಾರೆ, ಇಲ್ಲ ಐನೂರು ಕಡಿಮೆ ಮಾಡುತ್ತಾರೆ. ಹೀಗೆ ಬಿಟ್ಟುಕೊಟ್ಟ ದುಡ್ಡು ಕೂಡಿಸಿ ನೋಡಿದೆ. ಸೀಸನ್‌ನಲ್ಲಿ ತಿಂಗಳಿಗೆ ನಲವತ್ತು ಸಾವಿರದ ಮೇಲೆ! ಇದು ಯಾವ ಲೆಕ್ಕದಲ್ಲೂ ಕಾಣುತ್ತಿರಲಿಲ್ಲ, ಡಿಸ್ಕೌಂಟ್ ಅಂತ ಕರಗಿ ಹೋಗುತ್ತಿತ್ತು.

ಆಗ ತಲೆಗೆ ಹೊಳೆಯಿತು. ಇಷ್ಟೂ ಕಂಪ್ಲೇಂಟು ಸಂಜೆ ಆರಕ್ಕೆ ರೂಮಿಗೆ ಹೋಗಿ ನೋಡಿದ್ದರೆ ಕಾಣುತ್ತಿದ್ದಂಥವು. ಮೂಲೆ ಮಡಚುವ ಮಾತೇ ಬೇಡ, ರಾತ್ರಿಗೆ ಮುಂಚೆ ಒಂದು ಸಲ ಕಣ್ಣಾಡಿಸಲಿಕ್ಕೆ ಒಬ್ಬ ಹುಡುಗ ಬೇಕು ಅಂತ ಧಣಿಗೆ ಹೇಳಿದೆ. ಹೆಸರು ಟರ್ನ್‌ಡೌನ್ ಅಂತಲೇ ಇರಲಿ, ಗೆಸ್ಟ್‌ಗೆ ಕೇಳಲು ಚೆಂದ. ನವೆಂಬರ್‌ಗೆ ಒಂದು ತಿಂಗಳು ಟ್ರಯಲ್ ಅಂತ ಒಪ್ಪಿದರು, ಅದೂ ಒಲ್ಲದ ಮನಸ್ಸಿಂದ.

ಹೊತ್ತಿನ ವಿಷಯದಲ್ಲಿ ಗೋವಾ ಬೇರೆ. ಮೊದಲ ಸಲ ನಾನು ಏಳರಿಂದ ಒಂಬತ್ತು ಇಟ್ಟಿದ್ದೆ. ಆ ಹೊತ್ತಲ್ಲಿ ಎಲ್ಲರೂ ಬೀಚಿಂದ ಬಂದು ಸ್ನಾನ ಮಾಡುತ್ತಿರುತ್ತಾರೆ, ಇಲ್ಲ ಬಾಟಲಿ ತೆಗೆದಿರುತ್ತಾರೆ. ಹುಡುಗ ಬಾಗಿಲು ಬಡಿದು ಬೈಸಿಕೊಂಡು ಬರುತ್ತಿದ್ದ. ಎರಡೆರಡು ಸಲ ಬಡಿದರು ಅಂತ ಒಬ್ಬರು ರಿವ್ಯೂದಲ್ಲೂ ಬರೆದರು. ಆದರೆ ಸೂರ್ಯ ಮುಳುಗುವ ಹೊತ್ತಿಗೆ ಅರ್ಧಕ್ಕರ್ಧ ರೂಮು ಖಾಲಿ. ಗೋವಾಕ್ಕೆ ಬಂದವರು ಸೂರ್ಯ ಮುಳುಗೋದು ನೋಡದೆ ಇರುತ್ತಾರಾ? ಡಿಸೆಂಬರ್ ಮೊದಲಲ್ಲಿ ಇಲ್ಲಿ ಸೂರ್ಯ ಮುಳುಗೋದು ಆರು ಗಂಟೆ ಸುಮಾರಿಗೆ. ಜನವರಿ ಕೊನೆಗೆ ಆರೂವರೆ, ಮೇ ಹೊತ್ತಿಗೆ ಏಳರ ಹತ್ತಿರ. ಹಾಗಾಗಿ ನಮ್ಮ ಪಾಳಿ ಗಡಿಯಾರದ ಪ್ರಕಾರ ಇಲ್ಲ, ಸೂರ್ಯನ ಪ್ರಕಾರ ಇದೆ. ಮುಳುಗೋಕೆ ಅರ್ಧ ಗಂಟೆ ಮುಂಚೆ ಟ್ರಾಲಿ ಹೊರಡಬೇಕು, ಮುಳುಗಿ ಒಂದೂಕಾಲು ಗಂಟೆಗೆ ಪ್ಯಾಂಟ್ರಿಗೆ ವಾಪಸ್.

ಯಾವ ರೂಮು ಖಾಲಿ ಅಂತ ಬಾಗಿಲು ಬಡಿಯದೇ ಗೊತ್ತಾಗಲು ನಮ್ಮದೊಂದು ಉಪಾಯ ಇದೆ. ಅದನ್ನು ಪೂರ್ತಿ ಹೇಳಲ್ಲ. ಪಾರ್ಕಿಂಗ್‌ನಲ್ಲಿ ನಿಂತಿರುವ ಕಪ್ಪು ನಂಬರ್ ಪ್ಲೇಟಿನ ಬಾಡಿಗೆ ಸ್ಕೂಟರ್‌ಗಳಿಗೂ ಅದಕ್ಕೂ ಸಂಬಂಧ ಇದೆ ಅಂತ ಮಾತ್ರ ಹೇಳುತ್ತೇನೆ. ಆದರೂ ಒಳಗೆ ಹೋಗುವ ಮುಂಚೆ ಬಡಿಯೋದು, ಹೆಸರು ಹೇಳೋದು ತಪ್ಪುವುದಿಲ್ಲ. ಡಿಎನ್‌ಡಿ, ಅಂದರೆ "ತೊಂದರೆ ಕೊಡಬೇಡಿ" ಅಂತ ಇದ್ದರೆ ಆ ಬಾಗಿಲ ಹತ್ತಿರಕ್ಕೂ ಹೋಗಲ್ಲ. ಒಮ್ಮೆ ನಮ್ಮ ಗದಗಿನವ ಫೋನ್ ಮಾಡಿದ: "ಸರ, ಒಳಗ ಯಾರೂ ಇಲ್ರಿ, ಆದ್ರ ಟಿವಿ ಹಚ್ಚಿಟ್ಟಾರ್ರಿ." ಬೇಡ, ವಾಪಸ್ ಬಾ ಅಂದೆ. ಗೆಸ್ಟ್ ಬಾಲ್ಕನಿಯಲ್ಲಿ ಮಲಗಿದ್ದರಂತೆ.

ಈಗ ಮರಳು. ಇದರ ಮೇಲೇ ನನಗೆ ಸ್ವಲ್ಪ ಜಂಬ ಇದೆ. ನಾಲ್ಕು ಗಂಟೆಗೆ ಬೀಚಿಂದ ಬಂದವರು ಒದ್ದೆ ಬಟ್ಟೆಯಲ್ಲೇ ಹಾಸಿಗೆ ಮೇಲೆ ಕೂತು ಮೊಬೈಲ್ ನೋಡುತ್ತಾರೆ, ಆಮೇಲೆ ಮತ್ತೆ ಹೊರಡುತ್ತಾರೆ. ಮರಳು ಅಲ್ಲೇ. ಕೈಯಿಂದ ಒರೆಸಿದರೆ ಅದು ಹೋಗಲ್ಲ, ನೇಯ್ಗೆಯೊಳಗೆ ಕೂರುತ್ತದೆ. ಚಾದರ ಕೊಡವಿದರೆ ನೆಲಕ್ಕೆ ಬಿದ್ದು ಮತ್ತೆ ಪಾದಕ್ಕೆ ಅಂಟಿ ಹಾಸಿಗೆಗೇ ಬರುತ್ತದೆ. ವ್ಯಾಕ್ಯೂಮ್ ಶಬ್ದ ಜಾಸ್ತಿ, ಚಾದರವನ್ನೇ ಎಳೆದುಕೊಳ್ಳುತ್ತದೆ. ಕೊನೆಗೆ ಮಾಪುಸಾದ ಶುಕ್ರವಾರದ ಸಂತೆಗೆ ಹೋದಾಗ ಹಾರ್ಡ್‌ವೇರ್ ಅಂಗಡಿಯಿಂದ ನಾಲ್ಕು ಇಂಚಿನ ಪೇಂಟ್ ಬ್ರಷ್ ತಂದೆ, ತೊಂಬತ್ತು ರೂಪಾಯಿ ಇರಬೇಕು. ದಿಂಬಿನ ಕಡೆಯಿಂದ ಕಾಲಿನ ಕಡೆಗೆ, ಒಂದೇ ದಿಕ್ಕಿಗೆ, ಒತ್ತದೆ ಎಳೆಯಬೇಕು. ತುದಿಯಲ್ಲಿ ಮೊರ ಹಿಡಿಯಬೇಕು. ಒಂದು ನಿಮಿಷದಲ್ಲಿ ಚಾದರ ಮೊದಲಿನ ಹಾಗೆ.

ಆದರೆ ಚಾದರ ಒದ್ದೆ ಇದ್ದರೆ ಬ್ರಷ್ ಕೆಲಸಕ್ಕೆ ಬಾರದು. ಎಸಿ ರೂಮಲ್ಲಿ ಎಲ್ಲವೂ ತಣ್ಣಗಿರೋದರಿಂದ ಕೈಗೆ ಒದ್ದೆ ಗೊತ್ತಾಗಲ್ಲ. ಅದಕ್ಕೆ ಹುಡುಗ ಒಂದು ಟಿಶ್ಯೂ ಹಾಕಿ ಅಂಗೈಯಿಂದ ಒತ್ತುತ್ತಾನೆ. ಟಿಶ್ಯೂಗೆ ಒದ್ದೆ ಹತ್ತಿದರೆ ಚಾದರ ಬದಲು, ಇಲ್ಲದಿದ್ದರೆ ಬ್ರಷ್. ಈ ಟಿಶ್ಯೂ ಐಡಿಯಾ ನನ್ನದಲ್ಲ, ಅವನದ್ದೇ.

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. ಬಾಲ್ಕನಿ ಬಾಗಿಲು ಹಾಕು, ಪರದೆ ಎಳೆ, ಸೊಳ್ಳೆ ಮಶೀನು ಹಚ್ಚು, ಒಣ ಟವೆಲ್ ಇಡು, ರಿಮೋಟ್ ಒತ್ತಿ ನೋಡು, ಫ್ಲಶ್ ಒಮ್ಮೆ ಎಳೆ, ನೀರು ಇಡು, ಹೊರಗೆ ಬಾ. ಏನಾದರೂ ಕೆಟ್ಟಿದ್ದರೆ ಮೆಂಟೆನೆನ್ಸ್‌ನವನಿಗೆ ಆಗಲೇ ಫೋನ್, ಯಾಕೆಂದರೆ ಅವನು ಎಂಟಕ್ಕೆ ಮನೆಗೆ ಹೋಗುತ್ತಾನೆ. ಮೊದಲು ಒಂದು ರೂಮಿಗೆ ಹದಿನಾಲ್ಕು ನಿಮಿಷ ಹಿಡಿಯುತ್ತಿತ್ತು, ಈಗ ಆರು. ದಿನಕ್ಕೆ ಹದಿನೈದು ಹದಿನಾರು ರೂಮು ಆಗುತ್ತದೆ. ಮೊದಲ ರಾತ್ರಿಯವರು, ಮಕ್ಕಳಿರುವವರು ಮೊದಲು.

ದುಡ್ಡಿನ ಲೆಕ್ಕ, ನೆನಪಿಂದ. ಹೆಚ್ಚುವರಿ ಹುಡುಗನಿಗೆ ಸಂಬಳ ಹದಿನಾರು ಸಾವಿರ, ಊಟ ವಸತಿ ಸೇರಿ ಇಪ್ಪತ್ತು. ಸಾಮಾನು ರೂಮಿಗೆ ಏಳು ರೂಪಾಯಿ ಹಿಡಿದರೆ ತಿಂಗಳಿಗೆ ಮೂರೂವರೆ ಸಾವಿರದ ಒಳಗೆ. ಬಿಟ್ಟುಕೊಡುವ ದುಡ್ಡು ನಲವತ್ತರಿಂದ ಹದಿಮೂರಕ್ಕೆ ಇಳಿಯಿತು. ರಾತ್ರಿ ಹೊತ್ತು ಬದಲಿಸುತ್ತಿದ್ದ ಚಾದರದ ಸೆಟ್ಟು ಐದಾರರಿಂದ ಒಂದೆರಡಕ್ಕೆ ಬಂತು, ಅದರ ಲಾಂಡ್ರಿ ಐದು ಸಾವಿರ ಉಳಿಯಿತು. ಎಲ್ಲಾ ಕಳೆದು ತಿಂಗಳಿಗೆ ಎಂಟು ಒಂಬತ್ತು ಸಾವಿರ ಲಾಭ. ದೊಡ್ಡ ಮೊತ್ತ ಅಲ್ಲ, ಒಪ್ಪುತ್ತೇನೆ. ಆದರೆ ನಷ್ಟ ಅಂತ ಇನ್ನು ಯಾರೂ ಹೇಳೋ ಹಾಗಿಲ್ಲ. ಕರೆಂಟ್ ಬಿಲ್ಲೂ ಇಳಿದಿದೆ ಅಂತ ನನಗೆ ಅನಿಸುತ್ತದೆ, ಎಸಿ 18ಕ್ಕೆ ಸೆಟ್ ಮಾಡಿ ಹೋಗಿದ್ದನ್ನು ನಾವು 24ಕ್ಕೆ ತರುತ್ತೇವಲ್ಲ. ಧಣಿ ಮಾತ್ರ ಅದನ್ನು ಒಪ್ಪಲ್ಲ. ತೋರಿಸಲು ನನ್ನ ಹತ್ತಿರ ಲೆಕ್ಕವೂ ಇಲ್ಲ.

ಟರ್ನ್‌ಡೌನ್ ಇದೆ ಅಂತ ಬಾಡಿಗೆ ಏರಿಸಬಹುದಲ್ಲಾ ಅಂತ ಒಬ್ಬರು ಕೇಳಿದರು. ಹೊಸ ವರ್ಷದ ವಾರ ನಮ್ಮ ರೇಟು ಈಗಾಗಲೇ ಏಳು ಸಾವಿರ ದಾಟುತ್ತದೆ. 7,500 ದಾಟಿದರೆ ಜಿಎಸ್‌ಟಿ 18 ಪರ್ಸೆಂಟ್‌ಗೆ ಏರುತ್ತದೆ. ನಮ್ಮ ಗಿರಾಕಿ ಆ ಗೆರೆ ದಾಟಲ್ಲ.

ನಡುವೆ ಏನೇನೋ ಆಟ ಆಡಿದೆ. ಟವೆಲ್‌ನಲ್ಲಿ ಆನೆ ಮಾಡಿಸಿದೆ. ಮಕ್ಕಳಿಗೆ ಖುಷಿ, ಆದರೆ ಆನೆ ಬಿಚ್ಚಲು ಮನಸ್ಸಾಗದೆ ಇನ್ನೊಂದು ಟವೆಲ್ ಕೇಳುತ್ತಾರೆ. ಮಜ್ಜಿಗೆಹುಲ್ಲಿನ ಎಣ್ಣೆಯ ಪರಿಮಳ ಇಟ್ಟೆ, ಅದು ಮಾತ್ರ ಗೆದ್ದಿತು. ಗೆಸ್ಟ್‌ಗಳು ಎಲ್ಲಿ ಸಿಗುತ್ತದೆ ಅಂತ ಕೇಳುತ್ತಾರೆ. ಅದರ ಜೊತೆ ಇನ್ನೊಂದು ಎಣ್ಣೆ ಬೆರೆಸುತ್ತೇನೆ, ಯಾವುದು ಅಂತ ಕೇಳಬೇಡಿ.

ಇದು ಎಲ್ಲಾ ಕಡೆ ನಡೆಯಲ್ಲ. ನಮ್ಮಲ್ಲೇ ಶನಿವಾರ ಪುಣೆ, ಬೆಳಗಾವಿಯಿಂದ ಬರುವ ಹುಡುಗರ ಗುಂಪಿನ ರೂಮಿಗೆ ನಾವು ಕಾಲಿಡುವುದೇ ಇಲ್ಲ, ಅವರಿಗೆ ಬೇಕಾದದ್ದು ಐಸ್ ಮಾತ್ರ. ಧಣಿಯ ಭಾವನದ್ದು ಪುಣೆಯಲ್ಲಿ, ಹಿಂಜೇವಾಡಿ ಕಡೆ ಹೋಟೆಲು. ಅವರೂ ಕೇಳಿದರು. ಬೇಡ ಅಂದೆ. ಅಲ್ಲಿ ಐಟಿ ಕಂಪನಿಗೆ ಬಂದವರು ರಾತ್ರಿ ಒಂಬತ್ತಕ್ಕೆ ರೂಮಿಗೆ ಬಂದು ಬೆಳಿಗ್ಗೆ ಎಂಟಕ್ಕೆ ಹೋಗುತ್ತಾರೆ, ಮಧ್ಯಾಹ್ನ ಕ್ಲೀನ್ ಮಾಡಿದ ರೂಮು ಹಾಗೇ ಇರುತ್ತದೆ. ಅಲ್ಲಿ ಮರಳೂ ಇಲ್ಲ, ಸೂರ್ಯ ಮುಳುಗೋದನ್ನು ನೋಡುವವರೂ ಇಲ್ಲ.

ಧಣಿ ಈ ಸೀಸನ್‌ಗೆ ಇನ್ನೊಬ್ಬ ಹುಡುಗನನ್ನು ತಗೋ ಅಂದಿದ್ದಾರೆ, ಕೇಳದೇನೇ. ಬ್ರಷ್ ಮಾತ್ರ ಹೊಸದು ತರಬೇಕು. ಹಳೆಯದರ ಕೂದಲು ಉದುರಲು ಶುರುವಾಗಿದೆ. ಬಿಳಿ ಚಾದರದ ಮೇಲೆ ಒಂದು ಕಪ್ಪು ಕೂದಲು ಬಿದ್ದಿದ್ದರೆ ರಾತ್ರಿ ಯಾವ ಫೋನ್ ಬರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.