ಮಗುವಿಗೆ ಡಿಯೋಡರೆಂಟ್ ಯಾವಾಗ? ಮೊದಲು ವಾಸನೆಯ ಮೂಲ ಹುಡುಕಿ

ಡಿಯೋಡರೆಂಟ್ ಶುರು ಮಾಡಲು ಇಂಥದ್ದೇ ವಯಸ್ಸು ಎಂಬುದಿಲ್ಲ. ಒಂಬತ್ತರ ಮಗುವಿಗೆ ಬೇಕಾಗಬಹುದು, ಹದಿಮೂರರ ಮಗುವಿಗೆ ಬೇಡದಿರಬಹುದು. ಸೋಪು ಹಚ್ಚಿ ತೊಳೆದು, ಒಗೆದ ಬಟ್ಟೆ ತೊಡಿಸಿದ ಮೇಲೂ ಅದೇ ದಿನ ಕಂಕುಳು ನಾರುತ್ತದೆಯೇ? ತೀರ್ಮಾನ ನಿಂತಿರುವುದು ಈ ಪ್ರಶ್ನೆಯ ಮೇಲೆ. ಉತ್ತರ ಗೊತ್ತಾಗುವ ಮೊದಲೇ ಬಾಟಲಿ ಕೊಂಡರೆ, ವಾಸನೆಯ ನಿಜವಾದ ಕಾರಣ ಸುಗಂಧದ ಅಡಿಯಲ್ಲಿ ಮುಚ್ಚಿಹೋಗುತ್ತದೆ.

ನಮ್ಮ ಮೈಯಲ್ಲಿ ಮುಖ್ಯವಾಗಿ ಎರಡು ಬಗೆಯ ಬೆವರುಗ್ರಂಥಿಗಳಿವೆ. ಎಕ್ರೈನ್ ಗ್ರಂಥಿಗಳು ಹುಟ್ಟಿನಿಂದಲೇ ಮೈತುಂಬ ಕೆಲಸ ಮಾಡುತ್ತವೆ. ಅವು ಸುರಿಸುವುದು ಬಹುಪಾಲು ನೀರು ಮತ್ತು ಉಪ್ಪು. ಪುಟ್ಟ ಮಕ್ಕಳು ತೊಯ್ದು ತೊಪ್ಪೆಯಾಗುವಷ್ಟು ಬೆವರಿದರೂ ಕಮಟು ವಾಸನೆ ಬರದಿರುವುದು ಇದಕ್ಕೇ. ಕಂಕುಳು ಮತ್ತು ತೊಡೆಸಂದಿನಲ್ಲಿರುವ ಅಪೊಕ್ರೈನ್ ಗ್ರಂಥಿಗಳು ಮಾತ್ರ ಹಾರ್ಮೋನು ಏರುವವರೆಗೆ ಸುಮ್ಮನಿರುತ್ತವೆ. ಅವು ಎಚ್ಚತ್ತ ಮೇಲೆ ಕೊಬ್ಬು, ಪ್ರೋಟೀನು ಬೆರೆತ ಸ್ರಾವ ಹೊರಡುತ್ತದೆ. ಅದಕ್ಕೂ ತನ್ನದೇ ಆದ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅದನ್ನು ಒಡೆದಾಗ ಹುಟ್ಟುವ ರಾಸಾಯನಿಕಗಳೇ ನಾರುವುದು. ಹಾಗಾಗಿ ಬ್ಯಾಕ್ಟೀರಿಯಾವನ್ನೂ ಅದರ ಆಹಾರವನ್ನೂ ತೊಳೆದು ತೆಗೆಯುವ ಸೋಪೇ ಮೊದಲ ಔಷಧ.

ಒಂದು ವಾರ ಹೀಗೆ ಪರೀಕ್ಷೆ ಮಾಡಿ. ದಿನಾ ಸ್ನಾನದಲ್ಲಿ ಸೌಮ್ಯವಾದ ಸೋಪಿನ ನೊರೆಯನ್ನು ಕೈಯಿಂದಲೇ ಎರಡೂ ಕಂಕುಳಿಗೆ ಹಚ್ಚಿ, ಒಂದೊಂದನ್ನೂ 15-20 ಸೆಕೆಂಡು ಉಜ್ಜಿ ತೊಳೆಯಬೇಕು. ತಾವೇ ಸ್ನಾನ ಮಾಡುವ ಮಕ್ಕಳು ಕೈ ಎತ್ತುವುದನ್ನೇ ಮರೆತು ಮೇಲೆ ನೀರು ಸುರಿದುಕೊಂಡು ಬರುತ್ತಾರೆ. ಅರ್ಧಕ್ಕರ್ಧ ಸಮಸ್ಯೆ ಅಲ್ಲಿಯೇ ಇರುತ್ತದೆ. ಸೋಪು ಉಳಿಯದಂತೆ ತೊಳೆದು, ಒಣಗಿದ ಟವೆಲಿನಿಂದ ಒತ್ತಿ ಒರೆಸಿ. ಒದ್ದೆ ಕಂಕುಳಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತದೆ. ಸಡಿಲವಾದ, ಒಗೆದ ಹತ್ತಿ ಬಟ್ಟೆ ಹಾಕಿ. ಸಂಜೆ ಅಂಗಿ ಬಿಚ್ಚಿಸಿ, ಅಂಗಿಯ ಕಂಕುಳ ಭಾಗವನ್ನೂ ಮಗುವಿನ ಕಂಕುಳನ್ನೂ ಬೇರೆ ಬೇರೆಯಾಗಿ ಮೂಸಿ ನೋಡಿ.

ಚರ್ಮದಲ್ಲಿ ವಾಸನೆ ಇಲ್ಲದೆ ಅಂಗಿ ಮಾತ್ರ ನಾರಿದರೆ ತಪ್ಪು ಬಟ್ಟೆಯದು. ಪಾಲಿಯೆಸ್ಟರ್ ಎಣ್ಣೆಯಂಶವನ್ನು ಹಿಡಿದಿಟ್ಟುಕೊಳ್ಳುವುದರಿಂದ ಆಟದ ಜೆರ್ಸಿಗಳು ಒಗೆದ ಮೇಲೂ ಮೈ ಬಿಸಿ ತಗುಲಿದೊಡನೆ ಮತ್ತೆ ನಾರುತ್ತವೆ. ಅವನ್ನು ಒಳಮೈ ಹೊರಗೆ ಮಾಡಿ, ಒಂದು ಭಾಗ ಬಿಳಿ ವಿನೆಗರಿಗೆ ನಾಲ್ಕು ಭಾಗ ನೀರು ಬೆರೆಸಿ ಅರ್ಧ ಗಂಟೆ ನೆನೆಸಿ, ಆಮೇಲೆ ಮಾಮೂಲಿನಂತೆ ಒಗೆಯಿರಿ. ವಿನೆಗರನ್ನು ಬ್ಲೀಚಿನೊಂದಿಗೆ ಎಂದೂ ಬೆರೆಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಬಟ್ಟೆ ಮೆದುಗೊಳಿಸುವ ಕಂಡಿಷನರ್ ಈ ಬಟ್ಟೆಗಳಿಗೆ ಬೇಡ. ಅದು ಎಳೆಗಳ ಮೇಲೆ ಪದರ ಕಟ್ಟಿ ವಾಸನೆಯನ್ನು ಒಳಗೇ ಉಳಿಸುತ್ತದೆ. ನಾರುತ್ತಿರುವುದು ಕಾಲಾದರೆ ಎರಡು ಜೊತೆ ಶೂಗಳನ್ನು ದಿನ ಬಿಟ್ಟು ದಿನ ಹಾಕಿಸಿ, ಕಾಲ್ಚೀಲ ದಿನಾ ಬದಲಿಸಿ.

ಇಷ್ಟೆಲ್ಲ ಮಾಡಿಯೂ ವಾರದಲ್ಲಿ ಮೂರು ನಾಲ್ಕು ದಿನ ಚರ್ಮವೇ ಘಾಟಾಗಿ ನಾರಿದರೆ, ಅಥವಾ ಶಾಲೆಯಲ್ಲಿ ಯಾರೋ ಏನೋ ಅಂದರೆಂದು ಮಗು ತಾನಾಗಿಯೇ ಹೇಳಿಕೊಂಡರೆ, ಡಿಯೋಡರೆಂಟ್ ಕೊಡುವ ಹೊತ್ತು ಬಂದಿದೆ.

ಆದರೆ ವಯಸ್ಸನ್ನು ಒಂದು ಕಾರಣಕ್ಕೆ ಮಾತ್ರ ಗಮನಿಸಲೇಬೇಕು. ಪ್ರೌಢಾವಸ್ಥೆ ಸಾಮಾನ್ಯವಾಗಿ ಹೆಣ್ಣುಮಕ್ಕಳಲ್ಲಿ 8ರಿಂದ 13ರ ನಡುವೆ, ಗಂಡುಮಕ್ಕಳಲ್ಲಿ 9ರಿಂದ 14ರ ನಡುವೆ ಶುರುವಾಗುತ್ತದೆ. ಹುಡುಗಿಗೆ 8, ಹುಡುಗನಿಗೆ 9 ತುಂಬುವ ಮೊದಲೇ ದೊಡ್ಡವರಂಥ ಬೆವರುವಾಸನೆ ಕಾಣಿಸಿಕೊಂಡರೆ ಮಕ್ಕಳ ವೈದ್ಯರಿಗೆ ತೋರಿಸಿ. ಅದರೊಂದಿಗೆ ಕಂಕುಳ ಅಥವಾ ಗುಪ್ತಾಂಗದ ಕೂದಲು, ಮೊಡವೆ, ಎದೆ ಬೆಳೆಯುವುದು, ದಿಢೀರ್ ಎತ್ತರವಾಗುವುದು ಇದ್ದರಂತೂ ತಡ ಮಾಡಬೇಡಿ. ಬಹಳ ಸಲ ಅಡ್ರಿನಲ್ ಗ್ರಂಥಿಗಳು (ಕಿಡ್ನಿಗಳ ಮೇಲೆ ಕೂತಿರುವ ಹಾರ್ಮೋನು ಗ್ರಂಥಿಗಳು) ಸ್ವಲ್ಪ ಬೇಗ ಚುರುಕಾಗಿರುತ್ತವೆ ಅಷ್ಟೆ, ಚಿಕಿತ್ಸೆಯೇ ಬೇಕಾಗುವುದಿಲ್ಲ. ಆದರೂ ರಕ್ತ ಪರೀಕ್ಷೆ, ಎಡಗೈಯ ಎಕ್ಸ್‌ರೇಯಿಂದ ಮೂಳೆಯ ವಯಸ್ಸು ನೋಡಿಯೇ ಅದನ್ನು ಖಚಿತಪಡಿಸಿಕೊಳ್ಳಬೇಕು. ಮನೆಯ ದೊಡ್ಡವರು ಯಾರಾದರೂ ಟೆಸ್ಟೋಸ್ಟೆರೋನ್ ಎಂಬ ಗಂಡು ಹಾರ್ಮೋನಿನ ಜೆಲ್ ಹಚ್ಚಿಕೊಳ್ಳುತ್ತಿದ್ದರೆ ವೈದ್ಯರಿಗೆ ಹೇಳಿ. ಮೈ ತಾಗಿ ಅದು ಮಗುವಿನ ಚರ್ಮಕ್ಕೆ ಅಂಟಿದರೆ ಇದೇ ಲಕ್ಷಣಗಳು ಬರುತ್ತವೆ.

ಬೆವರಿನದಲ್ಲದ ವಾಸನೆಗಳೂ ಇವೆ. ಒಂದೇ ಮೂಗಿನ ಹೊಳ್ಳೆಯಿಂದ ಕೆಟ್ಟ ವಾಸನೆಯ ಸಿಂಬಳ ಬರುತ್ತಿದ್ದರೆ ಒಳಗೆ ಮಣಿಯೋ ಸ್ಪಂಜಿನ ಚೂರೋ ಸಿಕ್ಕಿರಬಹುದು. ಮೀನಿನಂಥ ವಾಸನೆ ಬಿಡದೆ ಬರುತ್ತಿದ್ದರೆ ಚಯಾಪಚಯದ, ಅಂದರೆ ಮೈ ಆಹಾರವನ್ನು ಒಡೆದು ಬಳಸುವ ಕ್ರಿಯೆಯ ತೊಂದರೆ ಇರಬಹುದು. ಉಸಿರಿನಲ್ಲಿ ಹಣ್ಣಿನಂಥ ವಾಸನೆ, ಜೊತೆಗೆ ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ ಇದ್ದರೆ ಅದು ಮಧುಮೇಹದ ತುರ್ತು ಸ್ಥಿತಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನು ಕೊಳ್ಳುವ ಮಾತು. ಡಿಯೋಡರೆಂಟ್ ಬ್ಯಾಕ್ಟೀರಿಯಾವನ್ನು ತಗ್ಗಿಸಿ ವಾಸನೆ ಮುಚ್ಚುತ್ತದೆ, ಬೆವರನ್ನು ನಿಲ್ಲಿಸುವುದಿಲ್ಲ. ಆಂಟಿಪರ್ಸ್ಪಿರೆಂಟ್‌ನಲ್ಲಿರುವ ಅಲ್ಯೂಮಿನಿಯಂ ಲವಣ ಬೆವರಿನ ನಾಳದ ಬಾಯಿಗೆ ತಾತ್ಕಾಲಿಕ ಬಿರಡೆ ಹಾಕುತ್ತದೆ. ವಾಸನೆ ಮಾತ್ರ ತೊಂದರೆಯಾಗಿರುವ ಮಗುವಿಗೆ ಮೊದಲನೆಯದು ಸಾಕು. ಎಷ್ಟೋ ಬಾಟಲಿಗಳಲ್ಲಿ ಎರಡೂ ಸೇರಿರುತ್ತವೆ, ಬಾಟಲಿಯ ಮೇಲಿನ ಪದಾರ್ಥಗಳ ಪಟ್ಟಿ ಓದಿ ಕೊಳ್ಳಿ. ಅಲ್ಯೂಮಿನಿಯಂ ಬೇಡವೆಂದು ಪಟಿಕದ ಕಲ್ಲಿನ ಮೊರೆ ಹೋಗುವವರಿದ್ದಾರೆ. ಪಟಿಕವೂ ಅಲ್ಯೂಮಿನಿಯಂ ಲವಣವೇ. ಕಿಡ್ನಿ ತೊಂದರೆ ಇರುವ ಮಗುವಿಗೆ ಅಲ್ಯೂಮಿನಿಯಂ ಇರುವುದನ್ನು ವೈದ್ಯರನ್ನು ಕೇಳದೆ ಹಚ್ಚಬೇಡಿ.

ಮಕ್ಕಳಿಗೆ ಸ್ಟಿಕ್ ಅಥವಾ ಆಲ್ಕೋಹಾಲ್ ಇಲ್ಲದ ರೋಲ್ ಆನ್ ಒಳ್ಳೆಯದು. ಪರಿಮಳ ಇಲ್ಲದ್ದನ್ನೇ ಆರಿಸಿ, ಏಕೆಂದರೆ ಚರ್ಮದ ಅಲರ್ಜಿಗೆ ಸುಗಂಧದ್ರವ್ಯ ಬಹಳ ಸಾಮಾನ್ಯ ಕಾರಣ. ನೈಸರ್ಗಿಕ ಎಂಬ ಪದಕ್ಕೆ ಮರುಳಾಗಬೇಡಿ. ಲ್ಯಾವೆಂಡರ್, ಟೀ ಟ್ರೀ ತೈಲಗಳಿಗೂ ಅಲರ್ಜಿಯಾಗುತ್ತದೆ. ಅಡುಗೆ ಸೋಡಾ ಕ್ಷಾರ, ಚರ್ಮ ತುಸು ಆಮ್ಲೀಯ. ಸೋಡಾ ಸೇರಿದ ಡಿಯೋಡರೆಂಟ್ ಕೆಲವು ದಿನಗಳಲ್ಲೇ ಕಂಕುಳನ್ನು ಕೆಂಪಗೆ ಉರಿಸಬಹುದು. ಸ್ಪ್ರೇ ಬೇಡವೇ ಬೇಡ: ಆಸ್ತಮಾ ಕೆರಳಿಸುತ್ತದೆ, ಬೆಂಕಿಗೆ ಹೊತ್ತಿಕೊಳ್ಳುತ್ತದೆ, ಚರ್ಮಕ್ಕೆ ಹತ್ತಿರ ಹಿಡಿದು ಒತ್ತಿದರೆ ತಣ್ಣನೆಯ ಅನಿಲದಿಂದಲೇ ಸುಟ್ಟ ಗಾಯವಾಗುತ್ತದೆ. ಬೇಕೆಂದೇ ಮೂಸಿ ಎಳೆದುಕೊಂಡ ಮಕ್ಕಳ ಹೃದಯ ನಿಂತು ಸಾವು ಸಂಭವಿಸಿದ್ದೂ ಇದೆ.

ಕಂಕುಳಿಗೆ ಹಚ್ಚುವ ಮೊದಲು ಮೊಣಕೈ ಒಳಬದಿಯಲ್ಲಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆರಡು ಸಲದಂತೆ 7 ದಿನ ಹಚ್ಚಿ ನೋಡಿ. ಅಲರ್ಜಿ ಮೊದಲ ದಿನವೇ ಕಾಣಬೇಕೆಂದಿಲ್ಲ. ಕೆಂಪು, ತುರಿಕೆ ಇಲ್ಲದಿದ್ದರೆ ಮುಂದುವರಿಯಿರಿ. ಸ್ನಾನವಾಗಿ ಕಂಕುಳು ಪೂರ್ತಿ ಒಣಗಿದ ಮೇಲೆ ಒಂದೊಂದು ಬದಿಗೆ ಎರಡೆಳೆ ಸಾಕು. ಅದು ಆರುವವರೆಗೆ ಅಂಗಿ ಹಾಕಬೇಡಿ. ನಾರುವ ಕಂಕುಳ ಮೇಲೆ ಹಚ್ಚಿದರೆ ಎರಡೂ ವಾಸನೆ ಬೆರೆತು ಇನ್ನೂ ಅಸಹ್ಯವಾಗುತ್ತದೆ, ಆಗ ಮಗು ಮತ್ತಷ್ಟು ಬಳಿದುಕೊಳ್ಳುತ್ತದೆ. ಗಾಯ, ಗುಳ್ಳೆ, ಆಗಷ್ಟೇ ಕೂದಲು ತೆಗೆದ ಚರ್ಮಕ್ಕೆ ತಾಗಿಸಬೇಡಿ. ತೊಡೆಸಂದಿಗೂ ಬೇಡ. ಒಬ್ಬರ ರೋಲ್ ಆನ್ ಇನ್ನೊಬ್ಬರಿಗಲ್ಲ, ಅಣ್ಣ ತಂಗಿಯಾದರೂ ಸರಿ. ದದ್ದು ಎದ್ದರೆ ಕೂಡಲೇ ನಿಲ್ಲಿಸಿ, ಬರೀ ನೀರಿನಿಂದ ತೊಳೆಯಿರಿ. ಒಂದು ವಾರದಲ್ಲಿ ಇಳಿಯದಿದ್ದರೆ ಚರ್ಮವೈದ್ಯರನ್ನು ಕಾಣಿ.

ಮಗುವಿಗೆ ಹೇಳುವ ಬಗೆಯೂ ಹಚ್ಚುವ ಬಗೆಯಷ್ಟೇ ಮುಖ್ಯ. ಅಕ್ಕ ತಮ್ಮಂದಿರ ಎದುರು, "ಥೂ, ನಾರ್ತಿದ್ದೀಯ" ಅಂದ ಮಾತು ಬಹಳ ದಿನ ಚುಚ್ಚುತ್ತದೆ. ಒಬ್ಬರೇ ಇದ್ದಾಗ, "ನೀನು ದೊಡ್ಡವಳಾಗ್ತಿದ್ದೀಯ, ಕಂಕುಳಲ್ಲಿ ಬೆವರು ಬೇರೆ ಥರ ಬರೋಕೆ ಶುರುವಾಗಿದೆ. ಎಲ್ಲರಿಗೂ ಆಗುತ್ತೆ. ಹಲ್ಲುಜ್ಜೋ ಹಾಗೆ ಇದೂ ದಿನಾ ಮಾಡೋ ಕೆಲಸ" ಅಂದರೆ ಸಾಕು.

ರಜೆಯ ದಿನಗಳಲ್ಲಿ ಹಚ್ಚದೆ ಬಿಟ್ಟು ನೋಡಿ. ಎರಡು ಮೂರು ದಿನ ವಾಸನೆ ಬರದಿದ್ದರೆ ಆಟದ ದಿನಗಳಿಗೆ ಮಾತ್ರ ಇಟ್ಟುಕೊಂಡರಾಯಿತು. ವಾಸನೆಗಿಂತ ಒದ್ದೆಯೇ ಕಾಟವಾಗಿ, ಸುಮ್ಮನೆ ಕೂತಿದ್ದಾಗಲೂ ಅಂಗಿ ತೊಯ್ಯುತ್ತಿದ್ದರೆ ವೈದ್ಯರನ್ನು ಕೇಳಿ ಆಂಟಿಪರ್ಸ್ಪಿರೆಂಟ್ ಬಳಸಬಹುದು. ಅದನ್ನು ರಾತ್ರಿ ಮಲಗುವ ಮುನ್ನ ಒಣ ಚರ್ಮಕ್ಕೆ ಹಚ್ಚಬೇಕು. ಆಗ ಬೆವರು ಕಡಿಮೆ ಇರುವುದರಿಂದ ಲವಣ ನಾಳದೊಳಗೆ ಇಳಿದು ಕೂರುತ್ತದೆ.